ಯಾರ ಪೈಕಿ? ಕಾಲೇಜು ಹೊಸ್ತಿಲಲ್ಲಿ ಎದುರಾಗುವ ಮೊದಲ ಪ್ರಶ್ನೆ

ಪದವಿ ತರಗತಿಗಳಿಗೆ ಪ್ರವೇಶ ಆರಂಭವಾಗುವ ದಿನಗಳಲ್ಲಿ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಒಂದು ದೃಶ್ಯ ಪ್ರತಿ ವರ್ಷವೂ ತಪ್ಪದೆ ಕಾಣಸಿಗುತ್ತದೆ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಕಡೆಯ ಬಸ್ಸುಗಳಿಂದ ತಂದೆ-ಮಕ್ಕಳ ಜೋಡಿಗಳು ಇಳಿಯುತ್ತವೆ. ಪ್ಲಾಸ್ಟಿಕ್ ಚೀಲದೊಳಗೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ನಾಲ್ಕಾರು ಭಾವಚಿತ್ರ. ಕಾಲೇಜಿನಲ್ಲಿ ಸೀಟು ಸಿಕ್ಕಿದೆ; ಹಾಸ್ಟೆಲಿನಲ್ಲಿ ಜಾಗ ಸಿಕ್ಕೀತೇ ಎಂಬುದೇ ಅವರ ಚಿಂತೆ. ವಿಚಾರಿಸುತ್ತಾ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಅಂಕಗಳ ಕುರಿತದ್ದಲ್ಲ. "ಯಾವೂರು ತಮ್ಮಾ? ಯಾರ ಪೈಕಿ?" ಎಂಬುದೇ ಆ ಪ್ರಶ್ನೆ.

ಈ ಎರಡು ಮಾತುಗಳಿಗೆ ಹುಡುಗ ಕೊಡುವ ಉತ್ತರ ಮುಂದಿನ ಮೂರು ವರ್ಷ ಅವನು ಎಲ್ಲಿ ಮಲಗುತ್ತಾನೆ, ಯಾರೊಂದಿಗೆ ಉಣ್ಣುತ್ತಾನೆ, ಕಷ್ಟ ಬಂದಾಗ ಯಾರ ಬಾಗಿಲು ತಟ್ಟುತ್ತಾನೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. ಅರ್ಜಿ ನಮೂನೆಯಲ್ಲಿ ಎಲ್ಲಿಯೂ ಬರೆಯದಿದ್ದರೂ ಅವನು ಒಂದು ಬಳಗಕ್ಕೆ ಸೇರಿದಂತಾಯಿತು. ಅದು ಅವನನ್ನು ಪೊರೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪೊರೆದುದಕ್ಕೆ ಪ್ರತಿಯಾಗಿ ಅದು ಏನನ್ನು ಕೇಳುತ್ತದೆ? ವಿದ್ಯಾರ್ಥಿ ಸಂಘಗಳ ಚುನಾವಣೆಯ ಮಾತು ರಾಜ್ಯದಲ್ಲಿ ಮತ್ತೆ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗಿದೆ.

ಅಮೆರಿಕದ ಬಳಗ, ನಮ್ಮ ಬಳಗ

ಕಾಲೇಜು ಸೇರಿದೊಡನೆ ಒಂದು ಸೋದರ ಬಳಗಕ್ಕೆ ಸೇರುವ ಪದ್ಧತಿ ಅಮೆರಿಕದಲ್ಲಿ ಎರಡೂವರೆ ಶತಮಾನಗಳಷ್ಟು ಹಳೆಯದು. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ 'ಫೈ ಬೀಟಾ ಕಪ್ಪಾ' ಸಂಘವನ್ನು ಇದರ ಮೂಲವೆಂದು ಹೇಳುವುದುಂಟು. ಗ್ರೀಕ್ ಅಕ್ಷರಗಳ ಹೆಸರು, ರಹಸ್ಯ ದೀಕ್ಷೆ, ಸದಸ್ಯರೇ ಸೇರಿ ವಾಸಿಸುವ ಮನೆ ಇವು ಕಾಲಕ್ರಮದಲ್ಲಿ ಇಂಥ ಬಳಗಗಳ ಲಕ್ಷಣಗಳಾದವು. ಹುಡುಗರದು 'ಫ್ರೆಟರ್ನಿಟಿ', ಹುಡುಗಿಯರದು 'ಸೊರಾರಿಟಿ'. ಬಹುಕಾಲ ಅಲ್ಲಿ ಬಿಳಿಯರಿಗೆ ಮಾತ್ರ ಬಾಗಿಲು ತೆರೆದಿತ್ತು. ಹೊರಗುಳಿದ ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ತಮ್ಮದೇ 'ಆಲ್ಫಾ ಫೈ ಆಲ್ಫಾ' ಕಟ್ಟಿದರು. 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು 'ಆಲ್ಫಾ ಕಪ್ಪಾ ಆಲ್ಫಾ' ಕಟ್ಟಿದರು. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಇದೇ ಬಳಗದವರು. 1998ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಆವರಣದಲ್ಲಿ ದಕ್ಷಿಣ ಏಷ್ಯಾ ಮೂಲದ ಹುಡುಗರೂ 'ಡೆಲ್ಟಾ ಎಪ್ಸಿಲಾನ್ ಸೈ' ಎಂಬ ಬಳಗ ಆರಂಭಿಸಿದರು.

ಈ ಇತಿಹಾಸ ನಮಗೆ ಅಪರಿಚಿತವೇನಲ್ಲ. ಕಪ್ಪು ವಿದ್ಯಾರ್ಥಿಗಳು ಕಾರ್ನೆಲ್‌ನಲ್ಲಿ ಒಂದಾದ 1906ರಲ್ಲೇ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯೂ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವೂ ತಲೆಯೆತ್ತಿದವು. ಶಾಲೆ-ಕಾಲೇಜುಗಳೂ ಸರ್ಕಾರಿ ನೌಕರಿಗಳೂ ಕೆಲವೇ ಸಮುದಾಯಗಳ ಕೈಯಲ್ಲಿದ್ದ ಕಾಲವದು. ಉಳಿದವರು ತಮ್ಮ ಮಕ್ಕಳನ್ನು ಪಟ್ಟಣಕ್ಕೆ ಕಳುಹಿಸಬೇಕಾದರೆ ಮೊದಲು ಅನ್ನ ಮತ್ತು ಆಸರೆಯ ವ್ಯವಸ್ಥೆ ಆಗಬೇಕಿತ್ತು. ಉಚಿತ ಪ್ರಸಾದ ನಿಲಯ, ಸಮಾಜದ ಹಾಸ್ಟೆಲ್, ಮಠದ ದಾಸೋಹ ಇವೆಲ್ಲ ಹುಟ್ಟಿದ್ದು ಆ ಅಗತ್ಯದಿಂದ.

ಬಳ್ಳಾರಿಯ ಮಟ್ಟಿಗೆ ಈ ಅಗತ್ಯ ಇನ್ನೂ ತೀವ್ರವಾಗಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಭಾಗ ಮದರಾಸು ಆಡಳಿತದಲ್ಲಿತ್ತು. ಪದವಿ ಓದಬಯಸುವ ಕನ್ನಡದ ಹುಡುಗ ಅನಂತಪುರಕ್ಕೋ ಮದರಾಸಿಗೋ ಹೋಗಿ ಪರಭಾಷೆಯ ನಡುವೆ ಬಾಳಬೇಕಿತ್ತು. 1945ರಲ್ಲಿ ವೀರಶೈವ ಕಾಲೇಜು, 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದವು. ಹೊರಗೆ ಹೋಗುತ್ತಿದ್ದ ಊರಿಗೆ ಈಗ ಹೊರಗಿನವರೇ ಬರುತ್ತಾರೆ.

ಋಣದ ಮಾತು

ಸಮುದಾಯದ ಹಾಸ್ಟೆಲುಗಳನ್ನು ಜಾತಿಯ ಕೋಟೆಗಳೆಂದು ಹೀಗಳೆಯುವುದು ಸುಲಭ. ನಗರದಲ್ಲಿ ಸ್ವಂತ ಮನೆಯಿದ್ದವರಿಗೆ ಅದು ಇನ್ನೂ ಸುಲಭ. ಆದರೆ ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಕೂಲಿ ಮಾಡುವ, ಕುರುಗೋಡು ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ಕುಟುಂಬಕ್ಕೆ ಬಳ್ಳಾರಿಯಲ್ಲಿ ಕೋಣೆ ಬಾಡಿಗೆಗೆ ಹಿಡಿಯುವ ಶಕ್ತಿ ಎಲ್ಲಿಂದ ಬರಬೇಕು? ಅವಿಭಜಿತ ಬಳ್ಳಾರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 67ರ ಆಸುಪಾಸಿನಲ್ಲಿತ್ತು, ರಾಜ್ಯದ ಸರಾಸರಿ ಶೇ. 75ನ್ನು ದಾಟಿತ್ತು. ಇಂಥ ಜಿಲ್ಲೆಯಲ್ಲಿ ಮನೆಯ ಮೊದಲ ಪದವೀಧರರಾದ ಎಷ್ಟೋ ಜನರ ಹಿಂದೆ ಒಂದು ಹಾಸ್ಟೆಲಿನ ಅಡುಗೆಮನೆಯಿದೆ. ಯಾವ ವಿಷಯ ಆರಿಸಿಕೊಳ್ಳಬೇಕು, ಶಿಷ್ಯವೇತನಕ್ಕೆ ಎಲ್ಲಿ ಅರ್ಜಿ ಹಾಕಬೇಕು, ಸ್ಪರ್ಧಾತ್ಮಕ ಪರೀಕ್ಷೆಗೆ ಯಾವ ಪುಸ್ತಕ ಓದಬೇಕು ಎಂದು ಅವರಿಗೆ ಹೇಳಿಕೊಟ್ಟವರು ಪ್ರಾಧ್ಯಾಪಕರಿಗಿಂತ ಹೆಚ್ಚಾಗಿ ಪಕ್ಕದ ಕೋಣೆಯ ಸೀನಿಯರ್‌ಗಳು. ಈ ಋಣವನ್ನು ಮರೆತು ಮಾತನಾಡಲಾಗದು.

ದೇವರಾಜ ಅರಸರ ಆಡಳಿತದ 1970ರ ದಶಕದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸರ್ಕಾರಿ ನಿಲಯಗಳು ವ್ಯಾಪಕವಾಗಿ ಬಂದವು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಇಂದು ಮೆಟ್ರಿಕ್ ನಂತರದ ಹಾಸ್ಟೆಲುಗಳನ್ನು ನಡೆಸುತ್ತಿವೆ. ಸ್ವಂತ ಮಠವಿಲ್ಲದ, ಶ್ರೀಮಂತ ದಾನಿಗಳಿಲ್ಲದ ಸಣ್ಣ ಸಮುದಾಯಗಳ ಮಕ್ಕಳಿಗೆ ಅದುವೇ ದಿಕ್ಕು. ಬೇಡಿಕೆಗೆ ತಕ್ಕಷ್ಟು ಜಾಗವಿಲ್ಲದ ಕಾರಣ 2013ರಲ್ಲಿ ಸರ್ಕಾರ 'ವಿದ್ಯಾಸಿರಿ' ಯೋಜನೆ ಆರಂಭಿಸಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ತಿಂಗಳಿಗೆ 1,500 ರೂಪಾಯಿಯಂತೆ ಊಟ-ವಸತಿಯ ನೆರವು ನೀಡುವುದು ಅದರ ಉದ್ದೇಶವಾಗಿತ್ತು. ಹಾಸಿಗೆಗಳು ಕಡಿಮೆ, ಕೇಳುವವರು ಹೆಚ್ಚು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಪ್ರತಿಯಾಗಿ ಕೇಳುವುದೇನು?

ಸಮಸ್ಯೆಯ ಬೇರು ಇರುವುದು ಇಲ್ಲಿಯೇ. ಹಾಸಿಗೆ ಕಡಿಮೆಯಿದ್ದಲ್ಲಿ ಅದನ್ನು ಕೊಡಿಸುವವರ ಮಾತಿಗೆ ತೂಕ ಬರುತ್ತದೆ. ಆಯ್ಕೆ ಪಟ್ಟಿ ಆನ್‌ಲೈನ್‌ನಲ್ಲಿ ಸಿದ್ಧವಾಗಬಹುದು. ಆದರೆ ಯಾವ ಕೋಣೆ, ಯಾರ ಜೊತೆ, ಪಟ್ಟಿಯಲ್ಲಿಲ್ಲದವನು ಗೆಳೆಯನ ಹಾಸಿಗೆಯಲ್ಲಿ ಎಷ್ಟು ದಿನ ಉಳಿಯಬಹುದು ಎಂಬ ವಿಷಯಗಳು ಸೀನಿಯರ್‌ಗಳ ಮರ್ಜಿಗೆ ಬಿದ್ದರೆ ಅಲ್ಲಿ ಬರೆಯದ ಕಾನೂನೊಂದು ಹುಟ್ಟುತ್ತದೆ. ಮೆರವಣಿಗೆಗೆ ಕರೆದಾಗ ಬರಬೇಕು, ಜಯಂತಿಗೆ ಚಂದಾ ಎತ್ತಬೇಕು, ನಾಯಕರು ಊರಿಗೆ ಬಂದಾಗ ಬೈಕ್ ರ್‍ಯಾಲಿಯಲ್ಲಿ ಇರಬೇಕು ಎಂಬ ನಿರೀಕ್ಷೆ ಸಣ್ಣದಾಗಿ ಶುರುವಾಗುತ್ತದೆ. ಕೊನೆಗೆ, ಒಳಗೆ ನಡೆದದ್ದನ್ನು ಹೊರಗೆ ಹೇಳಬಾರದು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಈ ಮೌನ ಎಂಥ ಬೆಲೆ ಕೇಳಬಲ್ಲದು ಎಂಬುದಕ್ಕೆ ದೇಶದಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ. 2009ರಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಸೀನಿಯರ್‌ಗಳ ಹೊಡೆತಕ್ಕೆ ಬಲಿಯಾದ. 2023ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, 2024ರ ಫೆಬ್ರುವರಿಯಲ್ಲಿ ಕೇರಳದ ವಯನಾಡಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಮತ್ತೆರಡು ಸಾವುಗಳು ಸಂಭವಿಸಿದವು. ಬಡವರ ಮನೆಯ ಹಾಸ್ಟೆಲಾಗಲಿ, ಸಿರಿವಂತರ ಸೋದರ ಬಳಗವಾಗಲಿ, ಮುಚ್ಚಿದ ಬಾಗಿಲಿನ ಸ್ವಭಾವ ಒಂದೇ. ಅಮೆರಿಕದಲ್ಲೂ ದೀಕ್ಷೆಯ ಹೆಸರಿನ ಹಿಂಸೆಗೆ ಹತ್ತಾರು ಯುವಕರು ಪ್ರಾಣ ತೆತ್ತಿದ್ದಾರೆ. ಇಂಥ ಘಟನೆಗಳನ್ನು ಕಾಲೇಜುಗಳು ಬಹಿರಂಗವಾಗಿ ದಾಖಲಿಸಬೇಕೆಂಬ ರಾಷ್ಟ್ರೀಯ ಕಾನೂನು ಅಲ್ಲಿ ಬಂದದ್ದು 2024ರ ಡಿಸೆಂಬರ್‌ನಲ್ಲಿ.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983 ರ್‍ಯಾಗಿಂಗ್ ಅನ್ನು ಅಪರಾಧವೆಂದು ಸಾರಿದೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಆರ್.ಕೆ. ರಾಘವನ್ ಸಮಿತಿ 2007ರಲ್ಲಿ ವರದಿ ನೀಡಿತು. 2009ರ ಯುಜಿಸಿ ನಿಯಮಾವಳಿ ಪ್ರತಿ ಕಾಲೇಜಿನಲ್ಲೂ ರ್‍ಯಾಗಿಂಗ್ ತಡೆ ಸಮಿತಿ ಮತ್ತು ತಪಾಸಣಾ ದಳ ಇರಬೇಕೆಂದಿತು. ವಿದ್ಯಾರ್ಥಿ-ಪೋಷಕರಿಬ್ಬರಿಂದಲೂ ಮುಚ್ಚಳಿಕೆ ಪಡೆಯಬೇಕೆಂದಿತು. 1800-180-5522 ಎಂಬ ಸಹಾಯವಾಣಿಯೂ ಇದೆ. ಆದರೆ ದೂರು ಕೊಟ್ಟ ಹುಡುಗ ಆ ರಾತ್ರಿ ಮಲಗಬೇಕಾದದ್ದು ಅದೇ ಕೋಣೆಯಲ್ಲಿ, ಅದೇ ಬಳಗದ ನಡುವೆ. ಹಾಸಿಗೆ ಕಳೆದುಕೊಂಡರೆ ಅವನಿಗೆ ಉಳಿಯುವುದು ಊರಿನ ಬಸ್ಸು ಮಾತ್ರ. ಈ ಭಯವನ್ನು ಮುಟ್ಟದ ಕಾನೂನು ಫಲಕದ ಮೇಲಿನ ಬರಹವಾಗಿ ಉಳಿಯುತ್ತದೆ.

ಬಯಲಿನ ಸಂಘ ಹೋಯಿತು

ಒಂದು ಕಾಲದಲ್ಲಿ ಈ ಬಳಗಗಳಿಗೆ ಸಮತೋಲನವಾಗಿ ಮತ್ತೊಂದು ವೇದಿಕೆಯಿತ್ತು. ಅದು ಚುನಾಯಿತ ವಿದ್ಯಾರ್ಥಿ ಸಂಘ. ಗಲಭೆ, ಹಣದ ಹೊಳೆ, ಪಕ್ಷಗಳ ಹಸ್ತಕ್ಷೇಪದ ಕಾರಣ ನೀಡಿ 1980ರ ದಶಕದ ಕೊನೆಯಲ್ಲಿ ರಾಜ್ಯದಲ್ಲಿ ಈ ಚುನಾವಣೆಗಳನ್ನು ನಿಲ್ಲಿಸಲಾಯಿತು. ಕಾರಣಗಳು ಸುಳ್ಳಾಗಿರಲಿಲ್ಲ. ಆದರೆ ಬಯಲಿನಲ್ಲಿ ನಡೆಯುತ್ತಿದ್ದ ರಾಜಕೀಯ ನಿಂತರೆ ರಾಜಕೀಯವೇ ನಿಲ್ಲುತ್ತದೆಂದು ನಂಬಿದ್ದು ತಪ್ಪು. ಸಂಘ ಹೋಯಿತು, ಗುಂಪುಗಳು ಉಳಿದವು. ಮತ ಕೇಳಲು ಬೇರೆ ಸಮುದಾಯದವನ ಕೋಣೆಗೂ ಹೋಗಲೇಬೇಕಿದ್ದ ಅನಿವಾರ್ಯತೆ ಮಾಯವಾಯಿತು. ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಒದಂಥ ಸಂಘಟನೆಗಳು ಶುಲ್ಕ, ಶಿಷ್ಯವೇತನ, ಬಸ್ ಪಾಸ್‌ಗಳಿಗಾಗಿ ಬೀದಿಗಿಳಿಯುತ್ತವೆ. ಆದರೆ ಎಲ್ಲ ವಿದ್ಯಾರ್ಥಿಗಳ ಪರವಾಗಿ ಮಾತನಾಡುವ ಅಧಿಕಾರವನ್ನು ಮತದ ಮೂಲಕ ಪಡೆದವರು ಯಾರೂ ಇಲ್ಲ.

ಕೇಂದ್ರ ಸರ್ಕಾರ ನೇಮಿಸಿದ ಲಿಂಗ್ಡೊ ಸಮಿತಿ 2006ರಲ್ಲಿ ನೀಡಿದ ಶಿಫಾರಸುಗಳನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ಜಾರಿಗೊಳಿಸಿತು. ಅಭ್ಯರ್ಥಿಗೆ ಶೇ. 75ರಷ್ಟು ಹಾಜರಾತಿ, 5,000 ರೂಪಾಯಿಯ ವೆಚ್ಚದ ಮಿತಿ, ಮುದ್ರಿತ ಭಿತ್ತಿಪತ್ರಗಳಿಗೆ ನಿಷೇಧ, ಇವು ಅದರ ಮುಖ್ಯಾಂಶಗಳು. ಕರ್ನಾಟಕ ಆ ದಾರಿಯನ್ನು ಹಿಡಿಯಲಿಲ್ಲ. 2025ರ ಕೊನೆಯಲ್ಲಿ ಆಡಳಿತ ಪಕ್ಷದೊಳಗಿಂದಲೇ ಕ್ಯಾಂಪಸ್ ಚುನಾವಣೆಯ ಮರುಜೀವದ ಮಾತು ಎದ್ದಿತು. ಪರ-ವಿರೋಧದ ಹೇಳಿಕೆಗಳ ನಡುವೆ ಹಾಸ್ಟೆಲಿನ ವಿಷಯ ಹೆಚ್ಚಾಗಿ ಕೇಳಿಸಲಿಲ್ಲ. ಹಾಸಿಗೆಯ ಹಂಗು ತಪ್ಪದೆ ಚುನಾವಣೆ ನಡೆಸಿದರೆ ಹಾಸ್ಟೆಲುಗಳೇ ಮತಗಳ ಗಂಟುಗಳಾಗುತ್ತವೆ ಎಂಬ ಎಚ್ಚರ ಸಂಬಂಧಪಟ್ಟವರಿಗೆ ಇರಬೇಕು.

ಬಸ್ಸಿನಲ್ಲೇ ಬಳಗ

ಹುಡುಗಿಯರ ಕಥೆ ಬೇರೆ. ಕುರುಗೋಡು ಬಳ್ಳಾರಿಯಿಂದ ಸುಮಾರು ಮೂವತ್ತು ಕಿಲೋಮೀಟರ್. ಸಿರುಗುಪ್ಪ ಐವತ್ತಕ್ಕೂ ಹೆಚ್ಚು. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಜಾರಿಯಾದ ಮೇಲೆ ದಿನವೂ ಓಡಾಡಿ ಓದುವುದು ಖರ್ಚಿನ ದೃಷ್ಟಿಯಿಂದ ಸಾಧ್ಯವಾಗಿದೆ. ಬೆಳಗಿನ ಬಸ್ಸಿನಲ್ಲಿ ಒಟ್ಟಿಗೆ ನಿಂತು ಬರುವ, ಒಬ್ಬರ ಟಿಪ್ಪಣಿ ಇನ್ನೊಬ್ಬರು ಬರೆದುಕೊಳ್ಳುವ, ಸಂಜೆ ತಡವಾದರೆ ಒಬ್ಬರಿಗಾಗಿ ಮತ್ತೊಬ್ಬರು ಕಾಯುವ ವಿದ್ಯಾರ್ಥಿನಿಯರೇ ಪರಸ್ಪರ ಬಳಗ. ಅಲ್ಲಿ 'ಯಾರ ಪೈಕಿ' ಎಂಬ ಪ್ರಶ್ನೆಗೆ ಹೆಚ್ಚು ಬೆಲೆಯಿಲ್ಲ. ಹಂಚಬೇಕಾದ ಹಾಸಿಗೆಯಿಲ್ಲದಿರುವುದೇ ಅದಕ್ಕೆ ಕಾರಣವಿರಬೇಕು. ಆದರೆ ದಿನಕ್ಕೆ ಮೂರು-ನಾಲ್ಕು ಗಂಟೆ ರಸ್ತೆಯ ಮೇಲೆ ಕಳೆಯುವ ಈ ಮಕ್ಕಳಿಗೆ ಗ್ರಂಥಾಲಯ, ಸಂಜೆಯ ಪ್ರಯೋಗಾಲಯ, ಆಟದ ಮೈದಾನ ಮೂರೂ ದೂರ. ಬಸ್ಸು ಉಚಿತವಾಯಿತೆಂದು ಮಹಿಳಾ ಹಾಸ್ಟೆಲಿನ ಬೇಡಿಕೆಯನ್ನು ಬದಿಗೆ ಸರಿಸುವುದು ನ್ಯಾಯವಲ್ಲ.

ಮಾಡಬೇಕಾದದ್ದು

ಬಳಗಗಳನ್ನು ಒಡೆಯುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಹದಿನೆಂಟರ ಹುಡುಗನಿಗೆ ಪರಸ್ಥಳದಲ್ಲಿ ತನ್ನವರೆನ್ನುವವರು ಬೇಕು. ಮಾಡಬೇಕಾದದ್ದು ಒಂದೇ: ಹಾಸಿಗೆಗೂ ಬಳಗಕ್ಕೂ ಇರುವ ಗಂಟನ್ನು ಬಿಚ್ಚುವುದು. ಸರ್ಕಾರದ ಹಣದಿಂದ ನಡೆಯುವ ಪ್ರತಿ ನಿಲಯದಲ್ಲೂ ಕೋಣೆ ಹಂಚಿಕೆಯ ಪಟ್ಟಿ ಗೋಡೆಯ ಮೇಲಿರಲಿ. ಕೋಣೆಗಳನ್ನು ಊರು-ಜಾತಿ ನೋಡದೆ ಚೀಟಿ ಎತ್ತಿ ಹಂಚಲಿ. ಊಟದ ಪಟ್ಟಿಯಿಂದ ಹಿಡಿದು ದೂರಿನ ಪುಸ್ತಕದವರೆಗೆ ನೋಡಿಕೊಳ್ಳುವ ಸಮಿತಿಯನ್ನು ಅಲ್ಲಿಯ ವಿದ್ಯಾರ್ಥಿಗಳೇ ಗುಪ್ತ ಮತದಾನದಿಂದ ಆರಿಸಲಿ. ಮೊದಲ ವರ್ಷದವರಿಗೆ ಅದರಲ್ಲಿ ಸ್ಥಾನ ಮೀಸಲಿರಲಿ. ದೂರು ಕೊಟ್ಟವನಿಗೆ ಅದೇ ದಿನ ಬೇರೆ ನಿಲಯದಲ್ಲಿ ಜಾಗ ಕೊಡುವ ಹೊಣೆ ಜಿಲ್ಲಾಡಳಿತದ್ದಾಗಲಿ. ಸಮುದಾಯದ ಸಂಸ್ಥೆಗಳೂ ತಮ್ಮ ಹಾಸ್ಟೆಲುಗಳಲ್ಲಿ ಒಂದಷ್ಟು ಹಾಸಿಗೆಗಳನ್ನು ಅನ್ಯ ಸಮುದಾಯದ ಬಡ ಮಕ್ಕಳಿಗೆ ಮೀಸಲಿಟ್ಟರೆ ಶತಮಾನದ ಹಿಂದೆ ಅವನ್ನು ಕಟ್ಟಿದ ಹಿರಿಯರ ಆಶಯಕ್ಕೆ ಚ್ಯುತಿ ಬಾರದು. ಅಂದು ಅವರು ಎದುರಿಸಿದ್ದು ಕೂಡ ಮುಚ್ಚಿದ ಬಾಗಿಲನ್ನೇ ಅಲ್ಲವೇ?

ಸಂವಿಧಾನದ 371(ಜೆ) ವಿಧಿಯಿಂದಾಗಿ ಈ ಭಾಗದ ಮಕ್ಕಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಅವಕಾಶ ದೊರೆತಿದೆ. ಸೀಟು ಸಿಕ್ಕವನು ಕೊನೆಯವರೆಗೆ ಓದಿ ಮುಗಿಸುವಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ. ಬರುವ ವರ್ಷವೂ ಸಿರುಗುಪ್ಪದ ಬಸ್ಸು ಬರುತ್ತದೆ, ತಂದೆ-ಮಗ ಇಳಿಯುತ್ತಾರೆ. 'ಯಾವೂರು' ಎಂದು ಕೇಳಲಿ. ಅದು ವಿಶ್ವಾಸದ ಮಾತು. 'ಯಾರ ಪೈಕಿ' ಎಂಬುದಕ್ಕೆ ಮಾತ್ರ ಅವನ ಹಾಸಿಗೆಯನ್ನು ನಿರ್ಧರಿಸುವ ಶಕ್ತಿ ಇರಬಾರದು.