ಪಿಯುಸಿಗೆ ‘ಮ್ಯಾಥ್ಸ್ ಬೇಡ’ ಅನ್ನೋ ಮೊದಲು: ಹೆಣ್ಣುಮಕ್ಕಳಿಗೆ ಯಾವ ದಾರಿ ಮುಚ್ಚುತ್ತೆ ಗೊತ್ತಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ತಾಲ್ಲೂಕು ಕೇಂದ್ರಗಳ ಸರ್ಕಾರಿ ಬಾಲಕಿಯರ ಪಿಯು ಕಾಲೇಜುಗಳಲ್ಲಿ ಅಡ್ಮಿಷನ್ ಗಡಿಬಿಡಿ ಶುರುವಾಗುತ್ತದೆ. ಜೆರಾಕ್ಸ್ ಅಂಗಡಿಯಿಂದ ಹಿಡಿದು ಕಾಲೇಜಿನ ಕಚೇರಿವರೆಗೆ ಕೇಳಿಬರುವ ಮಾತು ಒಂದೇ: ‘ನಮ್ ಹುಡುಗಿಗೆ ಮ್ಯಾಥ್ಸ್ ಇಲ್ಲದ್ದು ಯಾವುದಾದ್ರೂ ಕೊಡಿ ಸಾರ್.’ ಅರ್ಜಿಯಲ್ಲಿ ಆ ಒಂದು ಸಾಲು ತುಂಬೋಕೆ ಎರಡು ನಿಮಿಷ ಸಾಕು. ಆದರೆ ಆ ಸಾಲಿನಿಂದ ಏನೇನು ಕೈಬಿಟ್ಟು ಹೋಗುತ್ತೆ ಅನ್ನೋದನ್ನು ಆ ಹೊತ್ತಿನಲ್ಲಿ ಕೂರಿಸಿ ಹೇಳೋರು ಕಡಿಮೆ.

‘ಎಂ’ ಬಿಟ್ಟರೆ ವಿಜ್ಞಾನವೇ ಬಿಟ್ಟ ಹಾಗೆ

ಸರ್ಕಾರಿ ಕಾಲೇಜುಗಳಲ್ಲಿ ವಿಜ್ಞಾನ ಅಂದರೆ ಹೆಚ್ಚಾಗಿ ಪಿಸಿಎಂಬಿ, ಇಲ್ಲವೇ ಪಿಸಿಎಂಸಿ. ಎರಡರಲ್ಲೂ ‘ಎಂ’ ಇದೆ. ಹಾಗಾಗಿ ಗಣಿತಕ್ಕೆ ಹೆದರಿದ ಹುಡುಗಿ ಎಷ್ಟೋ ಕಡೆ ವಿಜ್ಞಾನ ವಿಭಾಗವನ್ನೇ ಬಿಡುತ್ತಾಳೆ. ಬಯಾಲಜಿ ಇಷ್ಟ ಇದ್ದರೂ ಬಿಎಸ್‌ಸಿ ನರ್ಸಿಂಗ್, ನೀಟ್ ದಾರಿಯೂ ಅಲ್ಲಿಗೇ ನಿಲ್ಲುತ್ತದೆ.

ಎಂಜಿನಿಯರಿಂಗ್‌ಗಂತೂ ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಕಡ್ಡಾಯ. ಸಿಇಟಿಯಲ್ಲಿ ಗಣಿತಕ್ಕೆ 60 ಅಂಕ, 60 ಪ್ರಶ್ನೆ, 80 ನಿಮಿಷ. ರ‍್ಯಾಂಕ್ ಕಟ್ಟುವಾಗ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯು ಅಂಕ ಅರ್ಧ. ಅಂದರೆ ಕಾಲೇಜಿನ ಪಾಠವೇ ಅರ್ಧ ರ‍್ಯಾಂಕ್.

ಇನ್ನೊಂದು ವಿಷಯ: ಹೆಣ್ಣುಮಕ್ಕಳಿಗೆ ಹೊಸ ಬಾಗಿಲು ತೆರೆದಿರೋದೂ ಇತ್ತೀಚೆಗೇ. ಐಐಟಿಗಳಲ್ಲಿ 2018ರಿಂದ ಅವರಿಗೆಂದೇ ಹೆಚ್ಚುವರಿ ಸೀಟುಗಳಿವೆ. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಯುವತಿಯರೂ ಎನ್‌ಡಿಎ ಪರೀಕ್ಷೆ ಬರೆಯಬಹುದು. ಅಲ್ಲಿ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದೇ. ಬಾಗಿಲು ತೆರೆದ ಕಾಲಕ್ಕೆ ಕೀಲಿಯನ್ನೇ ಮನೆಯಲ್ಲಿ ಬಿಟ್ಟು ಹೋದ ಕಥೆ ಆಗಬಾರದು.

ಅಂಗಡಿ ಮನೆಯವರೂ ಗಮನಿಸಬೇಕು

‘ನಾವು ಕಾಮರ್ಸ್ ಕೊಡಿಸ್ತೀವಿ, ನಮಗ್ಯಾಕೆ ಗಣಿತ’ ಅನ್ನೋರೂ ಇದ್ದಾರೆ. ಕಾಮರ್ಸ್‌ನಲ್ಲೂ ಬೇಸಿಕ್ ಮ್ಯಾಥ್ಸ್ ಅನ್ನೋ ವಿಷಯ ಇದೆ. ಅನುಪಾತ, ಬಿಲ್ ಡಿಸ್ಕೌಂಟಿಂಗ್, ಷೇರು ಲೆಕ್ಕ ಎಲ್ಲಾ ಅದರಲ್ಲೇ ಬರುತ್ತೆ. ಮಗಳನ್ನು ಸಿಎ ಮಾಡಿಸೋ ಆಸೆ ಇದ್ದರೆ, ಸಿಎ ಫೌಂಡೇಷನ್‌ನಲ್ಲಿ ಗಣಿತ, ತರ್ಕ, ಸಂಖ್ಯಾಶಾಸ್ತ್ರ ಸೇರಿ 100 ಅಂಕದ ಒಂದು ಪೇಪರ್ರೇ ಇದೆ. ಗಲ್ಲಾಪೆಟ್ಟಿಗೆ ಮುಂದೆ ಕೂತು ಜಿಎಸ್‌ಟಿ ಸೇರಿಸಿ, ರಿಯಾಯಿತಿ ಕಳೆದು ಬಾಯಲ್ಲೇ ಲೆಕ್ಕ ಹೇಳೋ ಹುಡುಗಿಗೆ ಗಣಿತ ಬರಲ್ಲ ಅನ್ನೋದು ನಂಬೋ ಮಾತಲ್ಲ.

ಎಡವೋದು ಎಲ್ಲಿ?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಸಮಾಂತರ ಶ್ರೇಢಿ ಗೊತ್ತು, ವರ್ಗ ಸಮೀಕರಣ ಗೊತ್ತು, ಸಂಭವನೀಯತೆ ಗೊತ್ತು. ಜೂನ್‌ನಲ್ಲಿ ಅವೇ ಅರಿಥ್‌ಮೆಟಿಕ್ ಪ್ರೋಗ್ರೆಷನ್, ಕ್ವಾಡ್ರಾಟಿಕ್ ಈಕ್ವೇಷನ್, ಪ್ರಾಬಬಿಲಿಟಿ ಆಗಿ ಎದುರಿಗೆ ಬರುತ್ತವೆ. ಗೊತ್ತಿರುವ ಲೆಕ್ಕವೇ, ಹೆಸರು ಮಾತ್ರ ಬೇರೆ. ಆದರೆ ಅವಳು ‘ನಂಗೆ ಮ್ಯಾಥ್ಸೇ ಬರಲ್ಲ’ ಅಂದುಕೊಳ್ಳುತ್ತಾಳೆ.

ಜೊತೆಗೆ ಪಾಠವೂ ನಿಜವಾಗಿ ಜಿಗಿಯುತ್ತದೆ. ಹತ್ತರಲ್ಲಿ ತ್ರಿಕೋನಮಿತಿ ಅಂದರೆ ಲಂಬಕೋನ ತ್ರಿಭುಜ, 0ಯಿಂದ 90 ಡಿಗ್ರಿ ಒಳಗಿನ ಕೋನ. ಪ್ರಥಮ ಪಿಯುನಲ್ಲಿ ಅದು ವೃತ್ತಕ್ಕೆ ಬರುತ್ತೆ. ಕೋನ 90 ದಾಟುತ್ತೆ, ಡಿಗ್ರಿ ಜೊತೆ ರೇಡಿಯನ್ ಸೇರುತ್ತೆ. ತ್ರಿಭುಜದಿಂದ ವೃತ್ತಕ್ಕೆ ಯಾಕೆ ಬಂದೆವು ಅಂತ ನಿಧಾನಕ್ಕೆ ಹೇಳಿದರೆ ಅರ್ಥವಾಗುವ ವಿಷಯ ಇದು. ಆದರೆ ಉಪನ್ಯಾಸಕರ ಹುದ್ದೆ ಖಾಲಿ ಇದ್ದು, ಅತಿಥಿ ಉಪನ್ಯಾಸಕರು ತಡವಾಗಿ ಬರುವ ಕಾಲೇಜಿನಲ್ಲಿ ನಿಧಾನಕ್ಕೆ ಹೇಳೋಕೆ ಸಮಯ ಎಲ್ಲಿದೆ? ಸಿಲಬಸ್ ಓಡುತ್ತೆ, ಹುಡುಗಿ ಹಿಂದೆ ಉಳೀತಾಳೆ.

ಮೂರನೇದು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಬಸ್ಸಿನ ಟೈಮ್ ಬದಲಾಗಲ್ಲ. ಸಂಜೆ ಊರಿಗಿರೋ ಕೊನೆ ಬಸ್ ಹಿಡಿಯೋ ಹುಡುಗಿ ವಿಶೇಷ ತರಗತಿಗೆ ಕೂರೋದು ಹೇಗೆ? ಹುಡುಗರು ಟ್ಯೂಷನ್ ಮುಗಿಸಿ ಬೈಕಲ್ಲಿ ಹೋಗುತ್ತಾರೆ. ಹುಡುಗಿ ಕತ್ತಲಾದ ಮೇಲೆ ಬಂದರೆ ಮನೆಯಲ್ಲಿ ಬೈಗುಳ. ಇಲ್ಲಿ ಸೋಲೋದು ಅವಳ ಬುದ್ಧಿ ಅಲ್ಲ, ಅವಳ ವೇಳಾಪಟ್ಟಿ.

ಏನು ಮಾಡಬಹುದು?

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಮೊದಲ ಒಂದು ತಿಂಗಳು ಕನ್ನಡ–ಇಂಗ್ಲಿಷ್ ಪದಗಳನ್ನು ಜೋಡಿಸಿ, ಹತ್ತರ ಗಣಿತವನ್ನೇ ಮತ್ತೆ ಹೇಳಿಕೊಡೋ ತರಗತಿ. ವಿಶೇಷ ತರಗತಿ ಸಂಜೆ ಬದಲು ಬೆಳಗ್ಗೆ, ಇಲ್ಲವೇ ಮಧ್ಯಾಹ್ನದ ಖಾಲಿ ಪೀರಿಯಡ್‌ನಲ್ಲಿ. ಗಣಿತ ಹುದ್ದೆ ಖಾಲಿ ಇದ್ದರೆ ಅತಿಥಿ ಉಪನ್ಯಾಸಕರು ತರಗತಿ ಶುರುವಾಗೋ ದಿನವೇ ಬರುವಂತೆ ಒತ್ತಡ. ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಕೊನೆ ಬಸ್ ಅರ್ಧ ಗಂಟೆ ತಡವಾಗಿ ಬಿಡಿ ಅಂತ ಡಿಪೊಗೆ ಹೇಳಿಸೋದು ಅವರಿಗೆ ಕಷ್ಟವೇನಲ್ಲ.

ಈಗ ಗಣಿತದಲ್ಲಿ 100ಕ್ಕೆ ಬರೆಯುವ ಪರೀಕ್ಷೆಯೂ ಇಲ್ಲ. 80 ಅಂಕ ಲಿಖಿತ, 20 ಆಂತರಿಕ ಮೌಲ್ಯಮಾಪನ. ವರ್ಷವಿಡೀ ತರಗತಿಗೆ ಬಂದು ಕೆಲಸ ಮಾಡೋ ಹುಡುಗಿಗೆ ಅದು ಆಸರೆ.

ಎಲ್ಲರೂ ಗಣಿತವನ್ನೇ ತಗೋಬೇಕು ಅಂತಲ್ಲ. ಕಲಾ ವಿಭಾಗ ಇಷ್ಟಪಟ್ಟು ಸೇರೋದು ಒಳ್ಳೆಯದೇ. ಆದರೆ ಇಷ್ಟವಿದ್ದು ಬಿಡೋದಕ್ಕೂ, ಹೆದರಿ ಬಿಡೋದಕ್ಕೂ ವ್ಯತ್ಯಾಸ ಇದೆ. ಅರ್ಜಿ ತುಂಬೋ ಮೊದಲು ಮಗಳನ್ನೇ ಒಂದು ಮಾತು ಕೇಳಿ: ‘ಬೇಡ್ವಾ, ಇಲ್ಲಾ ಭಯಾನಾ?’ ಭಯ ಅಂದರೆ ಅದಕ್ಕೆ ಪರಿಹಾರ ಇದೆ.