ಹಿಮದ ದಾರಿಗೆ ಲಾಳ

ನಮ್ಮ ಅಜ್ಜನವರದು ಒಂದು ನಿಯಮವಿತ್ತು. ಸುಗ್ಗಿ ಮುಗಿದು, ಗಾಡಿ ಕಟ್ಟಿಕೊಂಡು ಬೆಟ್ಟದ ಜಾತ್ರೆಗೆ ಹೊರಡುವ ಮುನ್ನ ಎತ್ತುಗಳಿಗೆ ಹೊಸ ಲಾಳ ಹೊಡೆಸದೆ ಅವರು ಊರ ಗಡಿ ದಾಟುತ್ತಿರಲಿಲ್ಲ. ಹಳೆಯ ಲಾಳವೇ ಇನ್ನೊಂದು ತಿಂಗಳು ಬಂದೀತು ಎಂದು ಯಾರಾದರೂ ಹೇಳಿದರೆ, “ಲಾಳ ಬಂದೀತು, ಎತ್ತು ಬರಬೇಕಲ್ಲ?” ಎನ್ನುತ್ತಿದ್ದರು.

ಆ ಮಾತು ನನಗೆ ಮರಳಿ ನೆನಪಾದದ್ದು 2024ರ ಅಕ್ಟೋಬರಿನಲ್ಲಿ, ನಾರ್ವೆ ದೇಶದ ದ್ರಾಮೆನ್ ಎಂಬ ಪಟ್ಟಣದಲ್ಲಿ, ತಂಗಿಯ ಮನೆಯ ಉಗ್ರಾಣದೊಳಗೆ ನಾಲ್ಕು ಹಳೆಯ ಟೈರುಗಳ ಮುಂದೆ ಮಂಡಿಯೂರಿ ಕುಳಿತಿದ್ದಾಗ. ಕನ್ನಡದ ಎಂ.ಎ. ಮಾಡಿಕೊಂಡು, ಕಾಲೇಜಿಗೆ ಸ್ಕೂಟರಿನಲ್ಲಿ ಹೋಗಿಬರುವ ಈ ಉಪನ್ಯಾಸಕನಿಗೂ ವಿದ್ಯುತ್ ಕಾರಿನ ಚಳಿಗಾಲದ ಟೈರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿತ್ತು. ಅದು ಎಷ್ಟು ಹತ್ತಿರದ್ದೆಂಬುದು ಅಂದು ಸಂಜೆಯವರೆಗೆ ನನಗೂ ತಿಳಿದಿರಲಿಲ್ಲ.

ದಸರಾ ರಜೆಗೆ ತಂಗಿಯೇ ಟಿಕೆಟು ಕಳುಹಿಸಿ ನನ್ನನ್ನು ಕರೆಸಿಕೊಂಡಿದ್ದಳು. ಆಕೆ ಅಲ್ಲಿ ಇಂಜಿನಿಯರು. ದಿನವೂ ಬೆಳಿಗ್ಗೆ ಸುಮಾರು 40 ಕಿಲೋಮೀಟರ್ ದೂರದ ಕೊಂಗ್ಸ್‌ಬರ್ಗ್‌ಗೆ ಕಾರಿನಲ್ಲಿ ಹೋಗಿ ಸಂಜೆ ಹಿಂದಿರುಗುತ್ತಾಳೆ. ಹಿಂದಿನ ಆಸನದಲ್ಲಿ ನಾಲ್ಕು ವರ್ಷದ ನನ್ನ ಸೋದರ ಸೊಸೆ. ಅವಳನ್ನು ಗುಡ್ಡದ ಕೆಳಗಿನ ಶಿಶುವಿಹಾರದಲ್ಲಿ ಇಳಿಸಿ ಮುಂದೆ ಹೋಗಬೇಕು. ಡಿಸೆಂಬರಿನಲ್ಲಿ ಆ ಊರಿಗೆ ಸೂರ್ಯದರ್ಶನವಾಗುವುದು ಒಂಬತ್ತು ಗಂಟೆಯ ಮೇಲೆ. ಆದುದರಿಂದ ಹೊರಡುವುದೆಲ್ಲ ಕತ್ತಲೆಯಲ್ಲಿ, ಇಳಿಜಾರಿನಲ್ಲಿ, ಹಗಲು ಕರಗಿ ರಾತ್ರಿ ಮತ್ತೆ ಗಡ್ಡೆಕಟ್ಟಿದ ಮಂಜಿನ ಮೇಲೆ.

ನಾರ್ವೆಯಲ್ಲಿ ವಿದ್ಯುತ್ ಕಾರು ಶ್ರೀಮಂತರ ಆಟಿಕೆಯಲ್ಲ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಪೂರ್ಣವಾಗಿ ವಿದ್ಯುತ್ತಿನಿಂದ ಓಡುವವು. ಹೀಗಾಗಿ ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಂತೆ, ಅಲ್ಲಿ ಅಕ್ಟೋಬರು ಬಂತೆಂದರೆ ಮನೆಮನೆಯಲ್ಲೂ ಟೈರಿನ ಮಾತು. ತಂಗಿಯ ಕಾರು ಒಬ್ಬರು ಬಳಸಿ ಬಿಟ್ಟದ್ದು. ಅದರೊಡನೆಯೇ ಬಂದ ಚಳಿಗಾಲದ ಟೈರುಗಳು ಉಗ್ರಾಣದಲ್ಲಿದ್ದವು.

“ಈ ವರ್ಷ ಇವುಗಳಲ್ಲೇ ಕಳೆದುಬಿಡೋಣ ಅಣ್ಣ, ಕಾನೂನಿಗೆ ಸರಿಯಾಗಿವೆ,” ಎಂದಳು ತಂಗಿ.

ಸಣ್ಣ ಅಳತೆಗೋಲಿನಿಂದ ಅಳೆದು ನೋಡಿದೆವು. ಟೈರಿನ ಮೈಮೇಲಿನ ಗೀರುಗಳ ಆಳ, ಎಂದರೆ ನಮ್ಮ ಪಂಕ್ಚರ್ ಅಂಗಡಿಯವರು ‘ಬಟನ್’ ಎನ್ನುತ್ತಾರಲ್ಲ ಅದು, ಮೂರೂವರೆ ಮಿಲಿಮೀಟರ್ ಇತ್ತು. ಬೇಸಿಗೆಯಲ್ಲಿ ಅಲ್ಲಿಯ ಕಾನೂನು ಕೇಳುವುದು 1.6 ಮಿಲಿಮೀಟರ್, ಚಳಿಗಾಲದಲ್ಲಿ 3. ಕಾನೂನು ಒಪ್ಪಿತು, ನಿಜ. ಆದರೆ ಟೈರಿನ ಪಕ್ಕೆಯ ಮೇಲೆ ‘3817’ ಎಂಬ ನಾಲ್ಕು ಅಂಕಿಗಳಿದ್ದವು. 2017ನೆಯ ಇಸವಿಯ 38ನೆಯ ವಾರದಲ್ಲಿ ತಯಾರಾದದ್ದು ಎಂಬುದು ಅದರ ಅರ್ಥ. ಏಳು ವರ್ಷದಲ್ಲಿ ರಬ್ಬರು ಸವೆಯದಿದ್ದರೂ ಬಿರುಸಾಗುತ್ತದೆ. ಉಗುರಿನಿಂದ ಒತ್ತಿದೆ, ಒಣಗಿದ ಚರ್ಮದಂತಿತ್ತು.

“ಹೊಸದು ಕೊಳ್ಳಬಾರದೇನಮ್ಮ?” ಎಂದೆ. ಆಕೆ ಉತ್ತರ ಕೊಡದೆ ಒಳಗೆ ಹೋದಳು. ಉತ್ತರ ಕೊಟ್ಟವರು ಸಂಜೆ ಭಾವನವರು, ಅದೂ ಬಹಳ ಸಂಕೋಚದಿಂದ. ಆ ವರ್ಷದ ಮಳೆಗಾಲದಲ್ಲಿ ನಮ್ಮ ಊರಿನ ಮನೆಯ ಹಿತ್ತಲ ಗೋಡೆ ಕುಸಿದಾಗ ಬಂದ ಹಣ ಟೈರಿಗೆಂದು ತೆಗೆದಿಟ್ಟಿದ್ದ ಹಣ. ಉಳಿದುದು ನನ್ನ ವಿಮಾನದ ಟಿಕೆಟಾಗಿತ್ತು.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಟೈರಿನ ವಿಷಯವನ್ನು ಪರೀಕ್ಷೆಗೆ ಓದುವವನಂತೆ ಓದಿ ಮುಗಿಸಿದ್ದೆ. ವಾಚಕರಲ್ಲಿ ಅನೇಕರ ಮಕ್ಕಳೂ ಅಳಿಯಂದಿರೂ ಹಿಮದ ದೇಶಗಳಲ್ಲಿರುವುದರಿಂದ, ಓದಿದ್ದರಲ್ಲಿ ಉಪಯೋಗವಾದದ್ದನ್ನು ಇಲ್ಲಿ ಹೇಳುತ್ತೇನೆ.

ಧನುರ್ಮಾಸದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಗಟ್ಟಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಬೇಸಿಗೆಯ ಟೈರಿನ ರಬ್ಬರೂ ಸುಮಾರು 7 ಡಿಗ್ರಿಗಿಂತ ಕೆಳಗೆ ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತದೆ. ಮೃದುತ್ವ ಹೋದರೆ ಹಿಡಿತವೂ ಹೋಯಿತು. ಚಳಿಗಾಲದ ಟೈರಿನ ರಬ್ಬರು ಬೇರೆ ಪಾಕದ್ದು, ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈಮೇಲೆ ಸೂಕ್ಷ್ಮವಾದ ನೂರಾರು ಸೀಳುಗಳಿದ್ದು, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಇಂಥ ಟೈರನ್ನು ಲೋಕಕ್ಕೆ ಮೊದಲು ಕೊಟ್ಟವರು ನೆರೆಯ ಫಿನ್ಲೆಂಡಿನ ನೋಕಿಯಾ ಪಟ್ಟಣದವರು. 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ. ಕಾರಿನ ಟೈರಿಗೆ ಅವರಿಟ್ಟ ಹೆಸರು ‘ಹಕ್ಕಾಪೆಲೀಟಾ’, 17ನೆಯ ಶತಮಾನದ ಫಿನ್ಲೆಂಡಿನ ಕುದುರೆ ಸವಾರರ ಹೆಸರು. ಟೈರಿಗೆ ರಾವುತರ ಹೆಸರಿಟ್ಟವರಿಗೆ ಲಾಳದ ಬೆಲೆ ಗೊತ್ತಿದ್ದಿರಬೇಕು.

ಕೊಳ್ಳುವಾಗ ಪಕ್ಕೆಯ ಮೇಲೆ ಮೂರು ಶಿಖರಗಳ ಬೆಟ್ಟವೂ ಅದರೊಳಗೆ ಹಿಮದ ಹರಳೂ ಇರುವ ಗುರುತನ್ನು ಹುಡುಕಬೇಕು. ಅದು ಹಿಮದ ಮೇಲೆ ಪರೀಕ್ಷೆ ಮಾಡಿ ಕೊಟ್ಟ ಮುದ್ರೆ. ‘ಎಂ+ಎಸ್’ ಎಂಬ ಹಳೆಯ ಗುರುತು ಮಾತ್ರವಿದ್ದರೆ ಅದು ತಯಾರಕನ ಮಾತೇ ಹೊರತು ಪರೀಕ್ಷಕನದಲ್ಲ. ಜರ್ಮನಿಯು 2024ರ ಸೆಪ್ಟೆಂಬರಿನ ನಂತರ ಚಳಿಗಾಲದ ರಸ್ತೆಗೆ ಅದನ್ನು ಒಪ್ಪುತ್ತಿಲ್ಲ.

ಇನ್ನು ವಿದ್ಯುತ್ ಕಾರಿನ ವಿಶೇಷ. ಹೊಟ್ಟೆಯಲ್ಲಿ ಬ್ಯಾಟರಿಯನ್ನು ಹೊತ್ತಿರುವುದರಿಂದ ಅದು ಅದೇ ಗಾತ್ರದ ಪೆಟ್ರೋಲು ಕಾರಿಗಿಂತ ನೂರಾರು ಕಿಲೋ ಭಾರ. ಪಕ್ಕದ ಮನೆಯ ಸಜ್ಜನರೊಬ್ಬರು ತಮ್ಮ ಹಳೆಯ ಪೆಟ್ರೋಲು ಕಾರಿನ ಚಳಿಗಾಲದ ಚಕ್ರಗಳನ್ನು ಅಗ್ಗಕ್ಕೆ ಕೊಡುವುದಾಗಿ ಹೇಳಿದರು. ಬೋಲ್ಟಿನ ಐದು ತೂತುಗಳೂ ಹೊಂದುತ್ತಿದ್ದವು. ತಂಗಿಯ ಮುಖ ಅರಳಿತು. ನಾನು ಪಕ್ಕೆಯ ಅಂಕಿಯನ್ನು ನೋಡಿದೆ: 91. ಇದು ಭಾರದ ಸೂಚಿ. 91 ಎಂದರೆ ಒಂದು ಟೈರು 615 ಕಿಲೋ ಹೊರುತ್ತದೆ. ನಾಲ್ಕು ಸೇರಿ 2,460. ಜನ, ಸಾಮಾನು ಎಲ್ಲ ತುಂಬಿದರೂ ತಂಗಿಯ ಕಾರು 2,300 ದಾಟದು.

“ಲೆಕ್ಕಕ್ಕೆ ಸಾಕಲ್ಲ ಭಾವ?” ಎಂದರು ಭಾವನವರು.

ಲೆಕ್ಕಕ್ಕೆ ಸಾಕು, ದಾರಿಗೆ ಸಾಲದು. ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ಭಾರವೆಲ್ಲ ಎತ್ತಿನ ಹೆಗಲ ಮೇಲೆ ಬರುವಂತೆ, ಬ್ರೇಕು ಹಾಕಿದಾಗ ಕಾರಿನ ಭಾರದ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ನಾಲ್ಕಕ್ಕೂ ಸಮನಾಗಿ ಹಂಚಿಕೊಳ್ಳುವುದಿಲ್ಲ. ಕಾರಿನ ಕೈಪಿಡಿ ಕೇಳಿದ್ದು 98, ಎಂದರೆ ಟೈರೊಂದಕ್ಕೆ 750 ಕಿಲೋ. ಕೈಪಿಡಿ ಹೇಳಿದ್ದಕ್ಕಿಂತ ಮೇಲಾದರೆ ಆಗಬಹುದು, ಕೆಳಗಿಳಿಯಬಾರದು. ನೆರೆಯವರಿಗೆ ಕೈಮುಗಿದು ಬಂದೆವು.

ಮುಂದಿನ ಪ್ರಶ್ನೆ ಚಕ್ರದ ಗಾತ್ರದ್ದು. ಕಾರಿನಲ್ಲಿದ್ದವು 19 ಅಂಗುಲದ ಮಿರುಗುವ ರಿಮ್ಮುಗಳು. ಅವು ಭಾವನವರಿಗೆ ಅಚ್ಚುಮೆಚ್ಚು; ಚಳಿಗಾಲಕ್ಕೂ ಅದೇ ಗಾತ್ರ ಇರಲೆಂದು ಅವರ ಆಸೆ. ಕೈಪಿಡಿ 18 ಅಂಗುಲವನ್ನೂ ಅನುಮತಿಸಿತ್ತು. ಕಾಗದದ ಮೇಲೆ ಗುಣಿಸಿ ತೋರಿಸಿದೆ. 235/40 ಅಳತೆಯ 19 ಅಂಗುಲದ ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರು 94 ಮಿಲಿಮೀಟರ್. 235/45 ಅಳತೆಯ 18 ಅಂಗುಲದ್ದರಲ್ಲಿ ಸುಮಾರು 106. ಇಡೀ ಚಕ್ರದ ವ್ಯಾಸ ಮೊದಲನೆಯದು 671, ಎರಡನೆಯದು 669. ಎತ್ತರದಲ್ಲಿ ಎರಡೇ ಮಿಲಿಮೀಟರ್ ವ್ಯತ್ಯಾಸ. ಆದರೆ ಹಿಮದಡಿ ಅಡಗಿದ ಗುಂಡಿಗೆ ಚಕ್ರ ಬಿದ್ದಾಗ ಪೆಟ್ಟು ತಾಳುವ ಮೆತ್ತೆ 12 ಮಿಲಿಮೀಟರ್ ಹೆಚ್ಚು. ಚಿಕ್ಕ ರಿಮ್ಮಿನ ಟೈರು ಸಾಮಾನ್ಯವಾಗಿ ಅಗ್ಗ. ವಿದ್ಯುತ್ತನ್ನೂ ಕಡಿಮೆ ತಿನ್ನುತ್ತದೆ. ಚಂದದ ರಿಮ್ಮುಗಳು ರಸ್ತೆಗೆ ಎರಚುವ ಉಪ್ಪಿನಿಂದ ಪಾರಾಗಿ ಮನೆಯಲ್ಲಿ ಬೆಚ್ಚಗಿರುತ್ತವೆ. ಈ ಕೊನೆಯ ಮಾತಿಗೆ ಭಾವನವರು ಸೋತರು.

ಪ್ರತ್ಯೇಕ ರಿಮ್ಮುಗಳಿದ್ದರೆ ವರ್ಷಕ್ಕೆರಡು ಬಾರಿ ಟೈರನ್ನು ಕಿತ್ತು ಕೂರಿಸುವ ಕೂಲಿಯೂ ಉಳಿಯುತ್ತದೆ. ಆದರೆ ಗಾಳಿಯ ಒತ್ತಡವನ್ನು ತಿಳಿಸುವ ಸಣ್ಣ ಯಂತ್ರಗಳು ಆ ಚಕ್ರಗಳೊಳಗೂ ಇರಬೇಕು. ಉಷ್ಣತೆ 10 ಡಿಗ್ರಿ ಇಳಿದರೆ ಒತ್ತಡ ಸುಮಾರು ಎರಡು ಪೌಂಡು ಇಳಿಯುತ್ತದೆ. ಭಾರದ ಗಾಡಿಗೆ ಇದು ಅಲಕ್ಷಿಸುವ ಸಂಗತಿಯಲ್ಲ.

ಮೊಳೆಯ ಟೈರೋ, ಮೊಳೆಯಿಲ್ಲದ್ದೋ? ನಾರ್ವೆಯ ಪ್ರತಿ ಮನೆಯಲ್ಲೂ ಇದು ದ್ವೈತಾದ್ವೈತದಂಥ ವಾದ. ಲೋಹದ ಪುಟ್ಟ ಮೊಳೆಗಳನ್ನು ನೆಟ್ಟ ಟೈರು ಒದ್ದೆ ಮಂಜುಗಡ್ಡೆಯ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಬರಿಯ ಡಾಂಬರಿನ ಮೇಲೆ ಸದ್ದು ಮಾಡುತ್ತದೆ, ಮೌನವಾಗಿ ಓಡುವ ವಿದ್ಯುತ್ ಕಾರಿನಲ್ಲಿ ಆ ಸದ್ದು ಎದ್ದು ಕೇಳುತ್ತದೆ. ರಸ್ತೆಯನ್ನು ಕೆರೆದು ಧೂಳೆಬ್ಬಿಸುವುದರಿಂದ ಓಸ್ಲೋ, ಬೆರ್ಗೆನ್ ಮೊದಲಾದ ನಗರಗಳಲ್ಲಿ ಅದಕ್ಕೆ ಸುಂಕವೂ ಉಂಟು. ನಗರದೊಳಗೇ, ಗುಡಿಸಿ ಉಪ್ಪು ಹಾಕಿದ ರಸ್ತೆಗಳಲ್ಲೇ ಓಡಾಡುವವರಿಗೆ ಉತ್ತರದೇಶಗಳಿಗೆಂದೇ ಮಾಡಿದ ಮೊಳೆಯಿಲ್ಲದ ಮೃದು ಟೈರು ಸಾಕು. ತಂಗಿಯ ಮನೆ ಗುಡ್ಡದ ಮೇಲೆ. ಓಸ್ಲೋಗೆ ಹೋಗುವುದು ಅಪರೂಪ. ಮೊಳೆಯದನ್ನೇ ಆರಿಸಿದೆವು. ಹಾಕಿದರೆ ನಾಲ್ಕು ಚಕ್ರಕ್ಕೂ ಹಾಕಬೇಕೆಂಬುದು ಅಲ್ಲಿಯ ನಿಯಮ.

“ನಮ್ಮ ಕಾರಿಗೆ ಎರಡು ಮೋಟಾರು, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತದೆ. ಟೈರಿಗೆ ಇಷ್ಟು ಹೆದರಬೇಕೆ?” ಎಂದು ಭಾವನವರು ಕೊನೆಯ ಬಾಣ ಬಿಟ್ಟರು. ನಾಲ್ಕು ಚಕ್ರದ ಶಕ್ತಿ ಹೊರಡುವುದಕ್ಕೆ ಸಹಾಯ, ನಿಲ್ಲುವುದಕ್ಕಲ್ಲ. ನಿಲ್ಲಿಸುವುದು ಕೊನೆಗೂ ಅಂಗೈಗಿಂತ ತುಸು ದೊಡ್ಡದಾದ ನಾಲ್ಕು ತುಂಡು ರಬ್ಬರು. ಅಲ್ಲದೆ ವಿದ್ಯುತ್ ಕಾರಿನಲ್ಲಿ ಕಾಲು ತೆಗೆದೊಡನೆ ಮೋಟಾರೇ ಚಕ್ರವನ್ನು ಹಿಡಿದು ನಿಧಾನಿಸುತ್ತದೆ. ಒಣ ರಸ್ತೆಯಲ್ಲಿ ಅದು ಲಾಭ. ಮಂಜಿನ ಮೇಲೆ ಚಕ್ರ ಜಾರುವುದಕ್ಕೆ ಅದೇ ಕಾರಣವಾಗಬಹುದು. ಅಂಥ ದಿನ ಆ ಹಿಡಿತವನ್ನು ಕಡಿಮೆಗೆ ಇಟ್ಟುಕೊಳ್ಳುವುದು ಲೇಸು.

ಒಮ್ಮೆ ಬ್ಯಾಟರಿ ತುಂಬಿಸಿದರೆ ಓಡುವ ದೂರ ಕಡಿಮೆಯಾದೀತೆಂಬ ಭಯ ಅನೇಕರಿಗೆ. ಚಳಿಯಲ್ಲಿ ಅದು ಹೇಗೂ ಆಗುತ್ತದೆ. 2020ರಲ್ಲಿ ನಾರ್ವೆಯ ಮೋಟಾರು ಸಂಘವು 20 ವಿದ್ಯುತ್ ಕಾರುಗಳನ್ನು ಚಳಿಗಾಲದಲ್ಲಿ ಓಡಿಸಿ ನೋಡಿದಾಗ ಸರಾಸರಿ ನೂರಕ್ಕೆ 18.5ರಷ್ಟು ದೂರ ಕುಗ್ಗಿತ್ತು. ಹಿಡಿತದ ಟೈರು ಇನ್ನಷ್ಟು ತಿನ್ನಲಿ. ದಿನಕ್ಕೆ 80 ಕಿಲೋಮೀಟರ್ ಓಡಿ ಮನೆಗೆ ಬಂದು ಬ್ಯಾಟರಿ ತುಂಬಿಸಿಕೊಳ್ಳುವ ಗಾಡಿಗೆ ಅದರಿಂದ ನಷ್ಟವೇನು? ಮೊದಲು ಭಾರ, ಆಮೇಲೆ ಹಿಡಿತ, ಆಮೇಲೆ ಗಾತ್ರ, ಆಮೇಲೆ ದೂರ. ಅಂದಕ್ಕೆ ಕೊನೆಯ ಮಣೆ. ನಾನು ಕಲಿತದ್ದು ಈ ಕ್ರಮವೊಂದೇ.

ಅಂಗಡಿಯಲ್ಲಿ ತಂಗಿ ಮತ್ತೆ ಹಿಂದೆಗೆದಳು. ಆಗ ನಾನು ಹೇಳಿದೆ: “ಈ ಸಲ ಗೌರಿ ಹಬ್ಬಕ್ಕೆ ತವರಿನಿಂದ ನಿನಗೆ ಬಾಗಿನ ಬಂದಿಲ್ಲ. ಇದು ಆ ಬಾಗಿನ.” ಉಪನ್ಯಾಸಕನ ಸಂಬಳವನ್ನು ಕ್ರೋನರಿಗೆ ಪರಿವರ್ತಿಸಿದರೆ ಏನಾಗುತ್ತದೆಂದು ವಾಚಕರು ಬಲ್ಲರು. ನನ್ನ ಕೈಯಲ್ಲಿದ್ದುದು ಸರಿಯಾಗಿ ಒಂದು ಚಕ್ರದ ಬೆಲೆ. ಉಳಿದ ಮೂರನ್ನು ಅವರು ಕಂತಿನ ಮೇಲೆ ಕೊಂಡರು. ಬಾಗಿನವನ್ನು ಬೇಡವೆನ್ನುವ ಹೆಣ್ಣುಮಗಳು ನಮ್ಮಲ್ಲಿಲ್ಲ. ತಂಗಿ ಕಣ್ಣೊರೆಸಿಕೊಂಡು ನಕ್ಕಳು.

ಕಳಚಿದ ಬೇಸಿಗೆಯ ಚಕ್ರಗಳನ್ನು ‘ಟೈರುಗಳ ಹೋಟೆಲಿ’ನಲ್ಲಿ ಬಿಡುತ್ತೀರಾ ಎಂದು ಅಂಗಡಿಯವನು ಕೇಳಿದ. ಪರಿಹಾಸ್ಯವೆಂದುಕೊಂಡೆ, ಅಲ್ಲ, ಆ ದೇಶದಲ್ಲಿ ಋತು ಮುಗಿದ ಟೈರುಗಳಿಗೆ ಬಾಡಿಗೆ ವಸತಿಗೃಹಗಳೇ ಇವೆ. ಉಗ್ರಾಣ ಖಾಲಿಯಾಗಿತ್ತಾದ್ದರಿಂದ ಆ ಖರ್ಚು ಉಳಿಯಿತು. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿಸಬೇಕೆಂದು ಅವನು ಹೇಳಿದ್ದನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಬಂದೆ.

ಜನವರಿಯ ಒಂದು ದಿನ ತಂಗಿಯ ಫೋನು ಬಂತು. ಬೆಳಿಗ್ಗೆ ಇಳಿಜಾರಿನ ತಿರುವಿನಲ್ಲಿ ಲಾರಿಯೊಂದು ಅಡ್ಡಲಾಗಿ ಜಾರಿ ನಿಂತಿತ್ತಂತೆ. ರಸ್ತೆಯೆಲ್ಲ ಗಾಜಿನಂತಿತ್ತಂತೆ. ಹಿಂದೆ ಮಗು ಹಾಡು ಹೇಳುತ್ತಿತ್ತಂತೆ.

“ಆಮೇಲೆ?” ಎಂದೆ.

“ಆಮೇಲೇನು ಅಣ್ಣ, ನಿಂತಿತು. ಮಗು ಹಾಡು ನಿಲ್ಲಿಸಲೇ ಇಲ್ಲ.”

ಫೋನು ಇಟ್ಟು ಹೊರಗೆ ಬಂದೆ. ಅಂಗಳದಲ್ಲಿ ನನ್ನ ಸ್ಕೂಟರು ನಿಂತಿತ್ತು. ಮೂರು ವರ್ಷದಿಂದ ದಿನವೂ ಹತ್ತಿ ಇಳಿಯುತ್ತಿದ್ದರೂ ಅದರ ಟೈರನ್ನು ಒಮ್ಮೆಯೂ ಬಾಗಿ ನೋಡಿದವನಲ್ಲ. ಅಂದು ನೋಡಿದೆ. ಹಿಂದಿನದು ಬೋಳು ತಲೆಯಂತೆ ನುಣ್ಣಗಿತ್ತು. ಮಳೆಗಾಲಕ್ಕೆ ಇನ್ನೂ ಐದು ತಿಂಗಳಿದೆ, ಬಂದೀತು ಎಂದು ಮನಸ್ಸು ಹೇಳಿತು. ಅಜ್ಜನವರ ಮಾತು ನೆನಪಾಗಿ, ಅದೇ ಸಂಜೆ ಅಂಗಡಿಗೆ ತಳ್ಳಿಕೊಂಡು ಹೋದೆ.