ಊರಿಲ್ಲದವರ ಊರಹಬ್ಬ



ಮೊನ್ನೆ ಸಭೆ ಮುಗಿದು ಜಮಖಾನ ಸುತ್ತುತ್ತಿದ್ದಾಗ ಹಾಸ್ಟೆಲಿನ ಹುಡುಗನೊಬ್ಬ ಬಂದು ಕೇಳಿದ: "ಅಲ್ಲಣ್ಣ, ಗಾಜಾದಲ್ಲಿ ಅಷ್ಟು ಜನ ಸತ್ತವ್ರೆ. ಅಮೆರಿಕದಲ್ಲಿರೋ ಪ್ಯಾಲೆಸ್ಟೀನಿನವರು ಮೇಳ ಕಟ್ಟಿಕೊಂಡು ಕುಣೀತಾ ಅವ್ರಲ್ಲ, ಇದು ಸರೀನಾ?"

ಕೇಳಬೇಕಾದ ಪ್ರಶ್ನೆಯೇ. ಸೂತಕದ ಮನೆಯಲ್ಲಿ ಹಬ್ಬ ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಮೇಳಗಳಲ್ಲಿ ಏನು ನಡೆಯುತ್ತದೆ, ಯಾಕೆ ನಡೆಯುತ್ತದೆ ಅನ್ನೋದನ್ನು ನೋಡದೆ ತೀರ್ಪು ಕೊಡಬಾರದು. ಅದಕ್ಕೇ ಈ ಸಲದ ಸಂಪಾದಕೀಯವನ್ನು ಆ ತಮ್ಮನಿಗೆ ಉತ್ತರವಾಗಿ ಬರೆಯುತ್ತಿದ್ದೇವೆ.

1948ರಲ್ಲಿ ಇಸ್ರೇಲ್ ಹುಟ್ಟಿದ ಕಾಲದ ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಊರು ಬಿಟ್ಟರು. ಕೆಲವರು ಹೆದರಿ ಓಡಿದರು, ಕೆಲವರನ್ನು ಬಂದೂಕು ಹಿಡಿದು ಓಡಿಸಲಾಯಿತು. ಇದನ್ನು ಅವರು ನಕ್ಬಾ ಅನ್ನುತ್ತಾರೆ. ಅಂದರೆ ಮಹಾ ವಿಪತ್ತು. ಹೀಗೆ ಬರಿದಾದ 418 ಹಳ್ಳಿಗಳ ಲೆಕ್ಕವನ್ನು ಇತಿಹಾಸಕಾರ ವಾಲಿದ್ ಖಾಲಿದಿ 1992ರಲ್ಲಿ ಪುಸ್ತಕವಾಗಿ ತಂದರು. ಹೆಚ್ಚಿನ ಹಳ್ಳಿಗಳಲ್ಲಿ ಮನೆಗಳನ್ನು ಕೆಡವಿದ್ದರು. ನಕಾಶೆಯಲ್ಲಿ ಹಳೆಯ ಹೆಸರು ಹೋಗಿ ಹೊಸ ಹೆಸರು ಬಂದಿತ್ತು. ಹೋದವರಿಗೆ ವಾಪಸು ಬರಲು ಬಿಡಲಿಲ್ಲ. ಇವತ್ತು ಪ್ರಪಂಚದಲ್ಲಿರುವ ಸುಮಾರು ಒಂದೂವರೆ ಕೋಟಿ ಪ್ಯಾಲೆಸ್ಟೀನಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ನೆಲದ ಹೊರಗೇ ಇದ್ದಾರೆ.

ಊರು ಹೋದವರು ಏನು ಮಾಡಿದರು? ಹೆಸರನ್ನು ಹೊತ್ತುಕೊಂಡು ಹೋದರು. ಲೆಬನಾನಿನ ಐನ್ ಅಲ್-ಹಿಲ್ವೆ ಶಿಬಿರಕ್ಕೆ ಹೋದರೆ ಅಲ್ಲಿನ ಕೇರಿಗಳಿಗೆ ಸಫ್ಫೂರಿಯ, ಲುಬ್ಯಾ ಅಂತ ಬಿಟ್ಟುಬಂದ ಹಳ್ಳಿಗಳದೇ ಹೆಸರು. ನಿನ್ನೂರು ಯಾವುದು ಅಂದರೆ ಶಿಬಿರದ ಮಕ್ಕಳು ತಾವು ಕಣ್ಣಲ್ಲೂ ನೋಡದ ಊರಿನ ಹೆಸರು ಹೇಳುತ್ತಾರೆ. ಹಂದಲಾ ಎಂಬ ಬರಿಗಾಲಿನ ಹುಡುಗನ ವ್ಯಂಗ್ಯಚಿತ್ರ ಬರೆದ ನಾಜಿ ಅಲ್-ಅಲಿ ಬೆಳೆದದ್ದು ಇದೇ ಶಿಬಿರದಲ್ಲಿ. 1987ರಲ್ಲಿ ಲಂಡನ್ನಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಹಂದಲಾ ಇವತ್ತಿಗೂ ಗೋಡೆಗೋಡೆಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದಾನೆ.

ಹೆಸರಿನ ಜೊತೆ ಬಟ್ಟೆಯೂ ಹೋಯಿತು. ತತ್ರೀಜ್ ಅಂತ ಅವರ ಕಸೂತಿ ಇದೆ. ಉದ್ದನೆಯ ನಿಲುವಂಗಿಯ ಎದೆ, ತೋಳು, ಅಂಚಿನ ಮೇಲೆ ಎಳೆ ಎಣಿಸಿ ಹಾಕುವ ಅಡ್ಡಹೊಲಿಗೆ. ಇದನ್ನು ಮಾಡಿದವರು ರಾಣಿಯರಲ್ಲ. ಹೊಲದಲ್ಲಿ ದುಡಿದು, ಆಲಿವ್ ಆರಿಸಿ, ನೀರು ಹೊತ್ತು ಬಂದ ಹಳ್ಳಿಯ ಹೆಂಗಸರು. 1948ಕ್ಕೆ ಮುಂಚೆ ಒಬ್ಬಳ ಅಂಗಿ ನೋಡಿ ಯಾವ ಸೀಮೆಯವಳು, ಎಷ್ಟೋ ಸಲ ಯಾವ ಹಳ್ಳಿಯವಳು ಅಂತಲೇ ಹೇಳಬಹುದಿತ್ತು. ಪಟ್ಟಣದ ಅನುಕೂಲಸ್ಥರು ಯೂರೋಪಿನ ಬಟ್ಟೆ ತೊಡುತ್ತಿದ್ದರು, ಇದು ಒಕ್ಕಲಿನವರ ಉಡುಪು ಅನ್ನುತ್ತಿದ್ದರು. ಶಿಬಿರಕ್ಕೆ ಬಿದ್ದ ಮೇಲೆ ಎಷ್ಟೋ ತಾಯಂದಿರು ಮದುವೆಯ ಅಂಗಿಯನ್ನೇ ಮಾರಿ ಮಕ್ಕಳಿಗೆ ರೊಟ್ಟಿ ತಂದರು. ಅದೇ ಬಡ ಹೆಂಗಸರ ಅಂಗಿ ಇವತ್ತು ಇಡೀ ಜನಾಂಗದ ಗುರುತು. ಯುನೆಸ್ಕೊ 2021ರಲ್ಲಿ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಮೇಳದ ಮಾತಿಗೆ ಬರೋಣ. ಅಮೆರಿಕದ ನ್ಯೂಜೆರ್ಸಿಯ ಪ್ಯಾಟರ್‌ಸನ್ ಪಟ್ಟಣದಲ್ಲಿ ಪ್ಯಾಲೆಸ್ಟೀನಿಯರು ಬೀದಿಯಲ್ಲೇ ಹಬ್ಬ ಮಾಡುತ್ತಾರೆ. 2022ರಲ್ಲಿ ಅಲ್ಲಿನ ಮುಖ್ಯರಸ್ತೆಯ ಒಂದು ಭಾಗಕ್ಕೆ ಪ್ಯಾಲೆಸ್ಟೀನ್ ವೇ ಅಂತ ಹೆಸರೇ ಬಂತು. ಟೆಕ್ಸಸ್‌ನ ಹ್ಯೂಸ್ಟನ್ನಿನಲ್ಲಿ ಮೇಳ ನಡೆಯುತ್ತದೆ. ಶಿಕಾಗೋದಲ್ಲಿ 2001ರಿಂದ ಸಿನಿಮಾ ಉತ್ಸವ ಇದೆ. ಇಂಥ ಮೇಳಗಳಲ್ಲಿ ಆಲಿವ್ ಎಣ್ಣೆ, ಜಾತರ್ ಪುಡಿ, ನಬ್ಲುಸಿನ ಸಿಹಿ ಮಾರುತ್ತಾರೆ. ಅಜ್ಜಿಯರು ಕೂತು ಹೊಲಿಗೆ ಕಲಿಸುತ್ತಾರೆ. ಹುಡುಗ ಹುಡುಗಿಯರು ಕೈಗೆ ಕೈ ಕೊಟ್ಟು ಸಾಲುಗಟ್ಟಿ ದಬ್ಕೆ ಕುಣಿಯುತ್ತಾರೆ. ಈ ದಬ್ಕೆ ಹುಟ್ಟಿದ್ದು ಮಣ್ಣಿನ ಮಾಳಿಗೆಯನ್ನು ಊರವರೆಲ್ಲ ಸೇರಿ ತುಳಿದು ಗಟ್ಟಿ ಮಾಡುವ ಕೆಲಸದಿಂದ ಅಂತ ಹಿರಿಯರು ಹೇಳುತ್ತಾರೆ. ಮಾಳಿಗೆ ಹೋಗಿದೆ, ತುಳಿತ ಉಳಿದಿದೆ.

ಇದಕ್ಕಿಂತ ಹಳೆಯ ಕತೆ ದಕ್ಷಿಣ ಅಮೆರಿಕದ ಚಿಲಿಯದು. ಮಧ್ಯಪ್ರಾಚ್ಯದ ಹೊರಗೆ ಪ್ಯಾಲೆಸ್ಟೀನಿಯರು ಅತಿ ಹೆಚ್ಚು ಇರುವುದು ಅಲ್ಲೇ. ನಕ್ಬಾಕ್ಕೂ ಎಷ್ಟೋ ವರ್ಷ ಮುಂಚೆ ಬೆತ್ಲೆಹೆಮ್, ಬೈತ್ ಜಾಲಾ ಕಡೆಯಿಂದ ಹಡಗು ಹತ್ತಿ ಹೋದವರು. ಆಗಿನ ತುರ್ಕಿ ಸಾಮ್ರಾಜ್ಯದ ಕಾಗದ ಹಿಡಿದು ಬಂದವರು ಅಂತ ಚಿಲಿಯ ಜನ ಅವರನ್ನು ತುರ್ಕರು ಎಂದು ಹೀಗಳೆದರು. ಅವರು 1920ರಲ್ಲಿ ಒಂದು ಫುಟ್‌ಬಾಲ್ ತಂಡ ಕಟ್ಟಿ ಪಲೆಸ್ತೀನೊ ಅಂತ ಹೆಸರಿಟ್ಟರು. ಬಯ್ಯುವವರು ಇಟ್ಟ ಹೆಸರನ್ನು ಬಿಸಾಕಿ ತಮ್ಮ ಹೆಸರನ್ನು ಎದೆಯ ಮೇಲೆ ಬರೆದುಕೊಂಡರು. 1955 ಮತ್ತು 1978ರಲ್ಲಿ ಆ ತಂಡ ಚಿಲಿಯ ಚಾಂಪಿಯನ್ ಆಯಿತು. ಅವರ ಮೊಮ್ಮಕ್ಕಳಲ್ಲಿ ಬಹಳ ಜನಕ್ಕೆ ಈಗ ಅರಬ್ಬಿ ಬರುವುದಿಲ್ಲ, ಸ್ಪ್ಯಾನಿಷ್ ಮಾತಾಡುತ್ತಾರೆ. ಆದರೂ ಆಟದ ದಿನ ಮೈದಾನವೇ ಅವರಿಗೆ ಊರು.

ಇದೆಲ್ಲ ಬರೀ ಕುಣಿತ, ಬರೀ ಆಟ ಆಗಿದ್ದರೆ ಅಧಿಕಾರ ಹಿಡಿದವರು ಯಾಕೆ ಉರಿದು ಬೀಳುತ್ತಿದ್ದರು? 2014ರಲ್ಲಿ ಪಲೆಸ್ತೀನೊ ಆಟಗಾರರ ಅಂಗಿಯಲ್ಲಿ 1 ಎಂಬ ಅಂಕಿಯನ್ನು 1948ಕ್ಕೆ ಹಿಂದಿನ ಪ್ಯಾಲೆಸ್ಟೀನಿನ ನಕಾಶೆಯ ಆಕಾರದಲ್ಲಿ ಬರೆದಾಗ ದಂಡ ಬಿತ್ತು, ಅಂಗಿ ನಿಷೇಧವಾಯಿತು. 2017ರಲ್ಲಿ ಲಂಡನ್ನಿನಲ್ಲಿ ಪ್ಯಾಲೆಸ್ಟೀನ್ ಮೇಳ ಗೊತ್ತಾದಾಗ ಸರ್ಕಾರ ಸಂಘಟಕರ ಮೇಲೆ ಅನುಮಾನ ತೋರಿ ಸಭಾಂಗಣ ಕೊಡುವುದಿಲ್ಲ ಅನ್ನುವವರೆಗೆ ಹೋಯಿತು. ಕೊನೆಗೆ ಮೇಳ ನಡೆಯಿತು. 1967ರಲ್ಲಿ ವಶಪಡಿಸಿಕೊಂಡ ನೆಲದಲ್ಲಿ ಇಸ್ರೇಲ್ 1993ರವರೆಗೆ ಪ್ಯಾಲೆಸ್ಟೀನಿನ ಬಾವುಟ ಹಿಡಿಯಲು ಬಿಡಲಿಲ್ಲ. 1987ರಲ್ಲಿ ಇಂತಿಫಾದ ಶುರುವಾದಾಗ ಹೆಂಗಸರು ಬಾವುಟದ ಬಣ್ಣಗಳನ್ನು ಅಂಗಿಯ ಎದೆಯ ಮೇಲೆ ಹೊಲಿದುಕೊಂಡು ಓಡಾಡಿದರು. ಬಾವುಟ ಕಿತ್ತುಕೊಳ್ಳಬಹುದು, ಉಟ್ಟ ಬಟ್ಟೆ ಬಿಚ್ಚು ಅನ್ನುವುದಕ್ಕಾಗುತ್ತದೆಯೇ?

ಕಾಗದಪತ್ರಗಳಿಗೆ ಈ ರಕ್ಷಣೆಯೂ ಇಲ್ಲ. 1982ರಲ್ಲಿ ಬೈರೂತಿಗೆ ನುಗ್ಗಿದ ಇಸ್ರೇಲಿ ಸೈನ್ಯ ಪ್ಯಾಲೆಸ್ಟೀನ್ ಸಂಶೋಧನಾ ಕೇಂದ್ರದ ಪುಸ್ತಕ, ದಾಖಲೆಗಳನ್ನು ಲಾರಿಗೆ ತುಂಬಿಕೊಂಡು ಹೋಯಿತು. 1983ರಲ್ಲಿ ಕೈದಿಗಳ ವಿನಿಮಯದ ಹೊತ್ತಿನಲ್ಲಿ ವಾಪಸು ಕೊಟ್ಟರು. ಗಾಜಾದಲ್ಲಿ 2023ರ ಅಕ್ಟೋಬರಿನಿಂದ ಏನಾಯಿತು ಅಂತ ನೀವೇ ಬಲ್ಲಿರಿ. ಜನ ಸತ್ತರು, ಮನೆಗಳು ಬಿದ್ದವು. ಅವರ ಜೊತೆ ಗಾಜಾ ನಗರದ ರಶಾದ್ ಶವಾ ಸಾಂಸ್ಕೃತಿಕ ಕೇಂದ್ರ ಹೋಯಿತು, ಪುರಸಭೆಯ ಹಳೆಯ ದಾಖಲೆಗಳು ಹೋದವು. ಹಾನಿಯಾದ ಪಾರಂಪರಿಕ ಜಾಗಗಳು ಯುನೆಸ್ಕೊ ಪರಿಶೀಲಿಸಿದ ಲೆಕ್ಕದಲ್ಲೇ ನೂರಕ್ಕೂ ಹೆಚ್ಚು. ದಫ್ತರವೇ ಸುಟ್ಟ ಮೇಲೆ ಊರಿನ ದಾಖಲೆ ಎಲ್ಲಿರಬೇಕು? ಹೊಲಿಯುವ ಕೈಯಲ್ಲಿ, ತುಳಿಯುವ ಕಾಲಲ್ಲಿ, ಕತೆ ಹೇಳುವ ಬಾಯಲ್ಲಿ. ಮೇಳ ನಡೆಯುವುದು ಈ ದಾಖಲೆಯನ್ನು ಎಳೆಯರ ಕೈಗೆ ದಾಟಿಸಲಿಕ್ಕೆ.

ಆದರೆ ಹಾಡಿ ಹೊಗಳಿ ಮುಗಿಸುವುದು ನಮ್ಮ ಪದ್ಧತಿಯಲ್ಲ. ನಮ್ಮ ತಕರಾರೂ ಇದೆ.

ಮೇಳದಲ್ಲಿ ತಿಂಡಿ ಅಂಗಡಿ ದೊಡ್ಡದಾಗಿ ಹಳ್ಳಿಯ ಹೆಸರು ಸಣ್ಣದಾದರೆ ಅದು ಸಂತೆ. ಕಸೂತಿಯ ಚೀಲ ಕೊಂಡವನಿಗೆ ಅದನ್ನು ಹೊಲಿದವಳು ಯಾವ ಶಿಬಿರದವಳು, ಅವಳಿಗೆ ಎಷ್ಟು ಕೂಲಿ ಸಿಕ್ಕಿತು ಅಂತ ಗೊತ್ತಾಗದಿದ್ದರೆ ಮತ್ತೆ ಅವಳಿಗೇ ಮೋಸ. ಹೆಸರು ಕಳಚಿದ ಬಟ್ಟೆ ಯಾರ ಪಾಲಿಗಾದರೂ ಹೋಗುತ್ತದೆ. 2021ರ ಕೊನೆಯಲ್ಲಿ ಇಸ್ರೇಲಿನಲ್ಲಿ ಭುವನಸುಂದರಿ ಸ್ಪರ್ಧೆ ನಡೆದಾಗ ಸ್ಪರ್ಧಿಗಳಿಗೆ ಇದೇ ಕಸೂತಿಯ ಅಂಗಿ ತೊಡಿಸಿ ಫೋಟೋ ತೆಗೆದರು. ಪ್ಯಾಲೆಸ್ಟೀನ್ ಎಂಬ ಮಾತೇ ಅಲ್ಲಿರಲಿಲ್ಲ.

ಇನ್ನೊಂದು ಮಾತು. ಕಿತ್ತುಕೊಳ್ಳುವವರು ಯಾವಾಗಲೂ ಹೊರಗಿನವರೇ ಅಲ್ಲ. ಶರೀಫ್ ಕನಾನಾ ಮತ್ತು ಇಬ್ರಾಹಿಂ ಮುಹಾವಿ ಹಳ್ಳಿಯ ಅಜ್ಜಿಯರು ಹೇಳಿದ ಕತೆಗಳನ್ನು ಕೂಡಿಸಿ ಪುಸ್ತಕ ಮಾಡಿದ್ದರು. 2007ರಲ್ಲಿ ಹಮಾಸ್ ಕೈಯಲ್ಲಿದ್ದ ಶಿಕ್ಷಣ ಇಲಾಖೆ ಅದರಲ್ಲಿ ಪೋಲಿ ಮಾತಿದೆ ಅಂತ ಶಾಲೆಗಳಿಂದ ತೆಗೆಸಿತು. ಬರಹಗಾರರು, ಜನರು ಗಲಾಟೆ ಮಾಡಿದ ಮೇಲೆ ಆ ಆಜ್ಞೆ ವಾಪಸಾಯಿತು. ಅಜ್ಜಿಯ ಬಾಯಿ ತೊಳೆದು ಮಡಿ ಮಾಡಿ ವೇದಿಕೆಗೆ ಹತ್ತಿಸಿದರೆ ಅದು ಅಜ್ಜಿಯ ಕತೆಯಾಗಿ ಉಳಿಯುವುದಿಲ್ಲ. ಹಬ್ಬ ಮಾಡುವ ಸಂಘದವರಿಗೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ತಮ್ಮಾ, ನಿನ್ನ ಪ್ರಶ್ನೆಗೆ ನಮ್ಮ ಉತ್ತರ ಇದು. ಸತ್ತವರನ್ನು ಮರೆತು ಅವರು ಕುಣಿಯುತ್ತಿಲ್ಲ. ಹಬ್ಬದಿಂದ ಊರು ವಾಪಸು ಬರುವುದಿಲ್ಲ, ನಿಜ. ಆದರೆ ವಾಪಸು ಹೋಗುವ ಹಕ್ಕು ಕೇಳಬೇಕಾದರೆ ಯಾವ ಊರಿಗೆ ಅಂತ ಹೇಳಲಿಕ್ಕಾದರೂ ಮೊಮ್ಮಕ್ಕಳಿಗೆ ಬರಬೇಕಲ್ಲ?

ನಮ್ಮ ದೇಶ 1988ರಲ್ಲಿ ಪ್ಯಾಲೆಸ್ಟೀನ್ ರಾಜ್ಯವನ್ನು ಮಾನ್ಯ ಮಾಡಿದೆ. ವಿಶ್ವಸಂಸ್ಥೆ 1977ರಲ್ಲಿ ತೀರ್ಮಾನಿಸಿದಂತೆ ನವೆಂಬರ್ 29 ಪ್ಯಾಲೆಸ್ಟೀನ್ ಜನರೊಂದಿಗೆ ನಿಲ್ಲುವ ದಿನ. ಆ ದಿನ ನಿಮ್ಮ ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಘೋಷಣೆ ಬರೆಯುವ ಮೊದಲು ಕೆಡವಿದ ಒಂದು ಹಳ್ಳಿಯ ಹೆಸರು ಬರೆಯಿರಿ. ಸಫ್ಫೂರಿಯ ಅಂತ ಬರೆಯಿರಿ. ಅದರ ಕೆಳಗೆ ಅಲ್ಲಿ ಏನು ಬೆಳೆಯುತ್ತಿತ್ತು, ಯಾರು ಬದುಕಿದ್ದರು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಹುಡುಕಿ ಓದಿ ನಾಲ್ಕು ಸಾಲು ಬರೆಯಿರಿ. ಓದಿದವರು ಇನ್ನೊಬ್ಬರಿಗೆ ಹೇಳಲಿ.